ರೋವರ್ ಬಂದಾಗ ಫುಪ್ಪುವನ್ನೂ ಕರೆಯಿರಿ

ಜಮೀನು ಅಳೆಯಲು ಸರ್ವೆಯರ್ ಈಗ ಸರಪಳಿ ಬಿಟ್ಟು, ಕೋಲಿನ ತುದಿಗೆ ಯಂತ್ರವೊಂದನ್ನು ಸಿಕ್ಕಿಸಿಕೊಂಡು ಬರುತ್ತಾರೆ. ಅದರ ಹೆಸರು ರೋವರ್. "ಸ್ಯಾಟಲೈಟ್ ಅಳತೆ, ಇನ್ನು ಮಾತಿಲ್ಲ" ಎಂದು ಹಿರಿಯರು ಸುಮ್ಮನಾಗುತ್ತಾರೆ. ಮಾತು ಇರಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಯಂತ್ರದ ಕೆಲಸ ಸ್ವಲ್ಪ ತಿಳಿದಿದ್ದರೆ ಸಾಕು, ಸೈನ್ಸ್ ಓದಿರಬೇಕೆಂದಿಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯ ಹೇಳುತ್ತಲೇ ಇರುತ್ತವೆ. ಸಂಕೇತ ತಲುಪಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ ದೂರ 30 ಸೆಂ.ಮೀ. ತಪ್ಪುತ್ತದೆ. ಯಂತ್ರದ ಗಡಿಯಾರ ಅಷ್ಟು ನಿಖರವಲ್ಲ, ಆದ್ದರಿಂದಲೇ ಮೂರು ಸಾಲದೆ ನಾಲ್ಕನೆಯ ಉಪಗ್ರಹವೂ ಬೇಕು.

ನಮ್ಮ ಮೊಬೈಲ್ ಮಾಡುವುದೂ ಇದನ್ನೇ. ಬಯಲಿನಲ್ಲಿ ಸುಮಾರು 5 ಮೀಟರ್ ಹೆಚ್ಚುಕಡಿಮೆ ಬರುತ್ತದೆ. ಆಟೋ ಕರೆಯಲು ಸಾಕು, ಜಮೀನಿಗೆ ಸಾಕೇ? ಕಾಮರ್ಸ್‌ನವರಿಗೆ ಒಂದು ಲೆಕ್ಕ. ದಾದಾ ಬಿಟ್ಟುಹೋದ 2 ಎಕರೆ ಅಂದರೆ 80 ಗುಂಟೆ. ಅಬ್ಬಾ, ಚಾಚಾ, ಫುಪ್ಪು ಮೂವರೇ ವಾರಸುದಾರರಾದರೆ ಪಾಲು 2:2:1, ಫುಪ್ಪುವಿಗೆ 16 ಗುಂಟೆ. ಅವರ 100 ಮೀಟರ್ ಉದ್ದದ ಬದು 5 ಮೀಟರ್ ಒಳಗೆ ಸರಿದರೆ ಹೋಗುವುದು ಸುಮಾರು 5 ಗುಂಟೆ!

ರೋವರ್ ಈ ತಪ್ಪನ್ನು ತಾನೊಂದೇ ತಿದ್ದುವುದಿಲ್ಲ. ಸರ್ವೆ ಆಫ್ ಇಂಡಿಯಾ ಸ್ಥಾಪಿಸಿರುವಂಥ ಸ್ಥಿರ ಕೇಂದ್ರವೊಂದು ಅದೇ ಉಪಗ್ರಹಗಳನ್ನು ಕೇಳುತ್ತಿರುತ್ತದೆ. ಅದು ಇರುವ ಜಾಗ ಮೊದಲೇ ಗೊತ್ತಿರುವುದರಿಂದ ಎಷ್ಟು ತಪ್ಪು ಬರುತ್ತಿದೆ ಎಂಬುದೂ ಗೊತ್ತಾಗುತ್ತದೆ. ಆ ತಿದ್ದುಪಡಿ ಇಂಟರ್ನೆಟ್ ಮೂಲಕ ರೋವರಿಗೆ ಬರುತ್ತದೆ. ಜೊತೆಗೆ ರೋವರ್ ಸುಮಾರು 19 ಸೆಂ.ಮೀ. ಉದ್ದದ ರೇಡಿಯೋ ಅಲೆಗಳನ್ನೇ ಎಣಿಸುತ್ತದೆ. ಎಣಿಕೆ ಕೂಡಿಬಂದರೆ ಪರದೆಯಲ್ಲಿ 'ಫಿಕ್ಸ್' ಎಂದು ಬರುತ್ತದೆ, ಆಗ ತಪ್ಪು ಒಂದೆರಡು ಸೆಂ.ಮೀ. ಮಾತ್ರ. 'ಫ್ಲೋಟ್' ಎಂದಿದ್ದರೆ ಎಣಿಕೆ ಮುಗಿದಿಲ್ಲ. ತೆಂಗಿನ ಮರದ ಕೆಳಗೆ, ಗೋಡೆಯ ಪಕ್ಕದಲ್ಲಿ ಹೀಗಾಗುವುದು ಹೆಚ್ಚು. ಆಗ ಕಾಯಬೇಕು, ಇಲ್ಲವೇ ಬೇರೆ ವಿಧಾನದಿಂದ ಅಳೆಯಬೇಕು.

ಇಷ್ಟಾದರೂ ಅದು ಹೇಳುವುದು ಕೋಲು ಎಲ್ಲಿ ನಿಂತಿದೆ ಎಂದು ಮಾತ್ರ. ಕೋಲು ಎಲ್ಲಿ ನಿಲ್ಲಬೇಕು ಎಂಬುದನ್ನು ಹಳೆಯ ಟಿಪ್ಪಣಿ, ನಕ್ಷೆ, ಬಾಂದು ಕಲ್ಲು ಮತ್ತು ಅಲ್ಲಿ ನಿಂತ ಜನ ಹೇಳಬೇಕು. (ಗಡಿ ಗುರುತಿಸುವುದಕ್ಕೆ ಕಚೇರಿಯಲ್ಲಿ 'ಹದ್ದುಬಸ್ತು' ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲೂ ಹದ್ ಎಂದರೆ ಗಡಿಯೇ.) ಆ ಜನರಲ್ಲಿ ಬರೀ ಗಂಡಸರೇ ಇದ್ದರೆ 16 ಗುಂಟೆಯ ಪರವಾಗಿ ಮಾತಾಡುವವರು ಯಾರು?

ಅಳತೆಯ ದಿನ ಫುಪ್ಪುವೂ ಹೊಲದಲ್ಲಿರಲಿ. ಪ್ರತಿ ಮೂಲೆಯಲ್ಲೂ ಪರದೆ ತೋರಿಸಿ ಎಂದು ಸರ್ವೆಯರ್ ಸಾಹೇಬರನ್ನು ಮರ್ಯಾದೆಯಿಂದಲೇ ಕೇಳಬಹುದು. ಅವರಿಗೆ ಇಂಗ್ಲಿಷ್ ಓದಲು ಬಾರದಿದ್ದರೆ, 'ಫಿಕ್ಸ್' ಬಂದಿದೆಯೋ ಇಲ್ಲವೋ ಓದಿ ಹೇಳಲು ಪಿಯುಸಿ ಓದುವ ನಾವು ಜೊತೆಗೆ ಹೋಗೋಣ.