ಮಕ್ಕಳ ಸಿನಿಮಾ ಎಂದರೆ ಸಪ್ಪೆ ಸಿನಿಮಾ ಅಲ್ಲ

ಡ್ರ್ಯಾಗನ್ ಕಾದಂಬರಿಗಳನ್ನು ಮನೆಮಂದಿಯೆಲ್ಲ ನೋಡುವ ಸಿನಿಮಾ ಮಾಡುವಾಗ ಕತೆಯನ್ನು ಮೊಟಕುಗೊಳಿಸಿ, ನೋವನ್ನು ತೆಗೆದು ಹಗುರಾಗಿಸಲೇಬೇಕು, ಯಾದಗಿರಿಯಂಥ ಊರುಗಳ ಪುಸ್ತಕ ಓದದ ಮಕ್ಕಳಿಗೆ ಅಷ್ಟೇ ದಕ್ಕುತ್ತದೆ ಎನ್ನುವುದು ಇಲ್ಲಿ ಪ್ರಕಟವಾದ ಲೇಖನವೊಂದರ ವಾದ. ಇದನ್ನು ಒಪ್ಪಲಾಗದು.

ಮೊಟಕುಗೊಳಿಸಿದ್ದರ ಫಲ ಕಣ್ಣೆದುರಿಗಿದೆ. ಕ್ರಿಸ್ಟೋಫರ್ ಪಾವೊಲಿನಿಯ ‘ಎರಗಾನ್’ 2006ರಲ್ಲಿ ತೆರೆಗೆ ಬಂತು. ಕಾದಂಬರಿಯಲ್ಲಿ ಹುಡುಗನ ಆರೈಕೆಯಲ್ಲಿ ದಿನದಿನಕ್ಕೆ ಬೆಳೆಯುವ ಡ್ರ್ಯಾಗನ್ ಸಫೀರಾ, ಸಿನಿಮಾದಲ್ಲಿ ಒಂದೇ ಹಾರಾಟದಲ್ಲಿ ದೊಡ್ಡದಾಗಿಬಿಡುತ್ತದೆ. ಅವರಿಬ್ಬರ ನಂಟು ಬೆಳೆಯಲು ಸಮಯವೇ ಸಿಗಲಿಲ್ಲ. ಮುಂದಿನ ಭಾಗದ ಸಿನಿಮಾ ಬರಲೇ ಇಲ್ಲ.

ಕ್ರೆಸಿಡಾ ಕೋವೆಲ್ ಅವರ 2003ರ ಪುಸ್ತಕವನ್ನು ಆಧರಿಸಿದ ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ (2010) ಮೂಲವನ್ನು ಬಹಳ ಬದಲಿಸಿತು. ಪುಸ್ತಕದ ಪುಟ್ಟ ಡ್ರ್ಯಾಗನ್ ಟೂತ್‌ಲೆಸ್ ಸಿನಿಮಾದಲ್ಲಿ ಸವಾರಿ ಮಾಡುವಷ್ಟು ದೊಡ್ಡದು. ಆದರೆ ನೋವನ್ನು ತೆಗೆಯಲಿಲ್ಲ, ಸೇರಿಸಿತು: ಕೊನೆಗೆ ನಾಯಕ ಹುಡುಗ ಕಾಲು ಕಳೆದುಕೊಳ್ಳುತ್ತಾನೆ. ಮಕ್ಕಳು ಆ ಸಿನಿಮಾವನ್ನು ಎದೆಗವಚಿಕೊಂಡರು.

ಇನ್ನು ನಮ್ಮ ಮಕ್ಕಳ ಮಾತು. ಕುಂ. ವೀರಭದ್ರಪ್ಪನವರ ಕತೆಯನ್ನು ಆಧರಿಸಿದ ‘ಕೊಟ್ರೇಶಿ ಕನಸು’ (1994) ಸಿನಿಮಾ ಓದಬಯಸುವ ದಲಿತ ಬಾಲಕನ ಮೇಲಿನ ಜಾತಿಯ ಕ್ರೌರ್ಯವನ್ನೇ ತೋರಿಸಿತು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಬೆಳಗಿನತನಕ ಬಯಲಾಟ ನೋಡುವ ಮಕ್ಕಳಿಗೆ ಯುದ್ಧ, ಸಾವು, ಅಗಲಿಕೆ ಹೊಸತೇನಲ್ಲ. ಅವರಿಗೆ ಕೊರತೆಯಾಗಿರುವುದು ಗ್ರಹಿಕೆಯಲ್ಲ, ಚೆಂದದ ಕನ್ನಡದಲ್ಲಿ ಮಾತಾಡುವ ಡ್ರ್ಯಾಗನ್. ಅದನ್ನು ಕೊಡುವ ಬಗ್ಗೆ ಆ ಲೇಖನದ ಲೇಖಕರು ಒಂದು ಸಾಲನ್ನೂ ಬರೆದಿಲ್ಲ.