ದಿಕ್ಕು ತಪ್ಪಿದ್ದು ಲಿಪಿಯಲ್ಲ

ಕನ್ನಡ ಪ್ರಬಂಧದ ನಡುವೆ ಒಂದು ಉರ್ದು ಸಾಲು ಟೈಪ್ ಮಾಡಿ ನೋಡಿ. ಹಲವು ಎಡಿಟರ್‌ಗಳಲ್ಲಿ ವಿರಾಮಚಿಹ್ನೆ ತಪ್ಪು ತುದಿಗೆ ಹಾರುತ್ತದೆ, ಕರ್ಸರ್ ಎಲ್ಲೋ ಕಳೆದುಹೋಗುತ್ತದೆ. ‘ಬಲದಿಂದ ಬರೆಯುವ ಲಿಪಿಯೇ ಕಷ್ಟ’ ಎನ್ನುತ್ತಾರೆ. ಸುಳ್ಳು. ಅಕ್ಷರಗಳು ಕಡತದಲ್ಲಿ ಓದುವ ಕ್ರಮದಲ್ಲೇ ಇರುತ್ತವೆ. ತೆರೆಯ ಮೇಲೆ ಅವನ್ನು ಜೋಡಿಸುವ ನಿಯಮವನ್ನು ಯೂನಿಕೋಡ್ ಎಂದೋ ಕೊಟ್ಟಿದೆ. ಚಿಹ್ನೆಗಳು ನೆರೆಯ ಅಕ್ಷರಗಳಿಂದ ದಿಕ್ಕು ಪಡೆಯುತ್ತವೆ. ಅಂಕಿಗಳು ಉರ್ದುವಿನಲ್ಲೂ ಎಡದಿಂದ ಬಲಕ್ಕೇ ಸಾಗುತ್ತವೆ. 1970ರ ದಶಕದ ಈಮ್ಯಾಕ್ಸ್ ಕೂಡ 2012ರಲ್ಲಿ ಇದನ್ನು ಕಲಿಯಿತು. ಹೊಸ ಎಡಿಟರ್‌ಗಳಿಗೆ ಇನ್ನೇನು ನೆಪ?

ಬಿಜಾಪುರದಲ್ಲಿ ಹುಟ್ಟಿದ ದಖನಿ ಕಾವ್ಯವನ್ನು ಮೂಲಲಿಪಿಯಲ್ಲಿ ಉದ್ಧರಿಸದೆ, ಲಿಪ್ಯಂತರಕ್ಕೆ ಶರಣಾಗುವುದು ಅನುಕೂಲವಲ್ಲ, ಸೋಲು. ತೆರೆಯ ಮೇಲೆ ನಮ್ಮ ಒತ್ತಕ್ಷರ ಒಡೆದಾಗ ‘ಕನ್ನಡವೇ ಕಷ್ಟ’ ಎಂಬ ಮಾತನ್ನು ನಾವು ಒಪ್ಪಲಿಲ್ಲ. ನೆರೆಮನೆಯ ಭಾಷೆಯ ವಿಷಯದಲ್ಲಿ ಮಾತ್ರ ಯಾಕೆ ಒಪ್ಪಬೇಕು?