ಕಪಿಲೆಯ ಹೂಳನ್ನು ಅಳೆಯುವವರಾರು?

ಸುಸ್ಥಿರ ಬದುಕಿಗಾಗಿ 2015ರಲ್ಲಿ ಬದನವಾಳಿನಲ್ಲಿ ಸತ್ಯಾಗ್ರಹ ನಡೆಯಿತು. ಅದೇ ತಾಲ್ಲೂಕಿನ ಕಪಿಲೆ ನಂಜನಗೂಡಿನಿಂದ ಹೆಜ್ಜಿಗೆಯವರೆಗೆ ಕಲುಷಿತವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ 2018ರ ಪಟ್ಟಿ ಸಾರಿತು. ಆದರೆ ಪಟ್ಟಿ ಅಳೆದದ್ದು ನೀರಿನ ಕೊಳೆ ಹೀರುವ ಆಮ್ಲಜನಕವನ್ನು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಆ ಅಳತೆಗೆ ಸಿಕ್ಕುವುದಿಲ್ಲ. ಕೊಳೆ ಕೊಳೆತು ಹೋಗುತ್ತದೆ, ಲೋಹ ಹೋಗುವುದಿಲ್ಲ. ಕುದಿಸಿದರೂ ನೀರನ್ನು ಬಿಡದು. ಹೂಳಿನಲ್ಲಿ ಕೂತು ಮೀನಿನ ಮೈ ಸೇರುತ್ತದೆ.

ನದಿ ಕೆಟ್ಟಿತೆಂದರೆ ಮೀನು ಮಾರುವವನ ಬುಟ್ಟಿ ಉಳಿಯುತ್ತದೆ, ಕಾರ್ಖಾನೆ ಮುಚ್ಚುವ ಬೆದರಿಕೆ ಕಾರ್ಮಿಕನಿಗೆ ಬರುತ್ತದೆ. 1974ರ ಜಲ ಕಾಯಿದೆ ಇರುವುದು ಕಡತಕ್ಕಾಗಿಯೇ? ತಿರುಮಕೂಡಲಿನ ಸಂಗಮದವರೆಗೆ ಹೂಳನ್ನೂ ಮೀನನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿಯ ಬಾಗಿಲಿಗೆ ಅಂಟಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಕೂಲಿ ಕೇಳುವ ಸಂಘಗಳು ಇದನ್ನೂ ಕೇಳಲಿ.